ಸಾವಿರ ರೂಪಾಯಿಯ ಟೈಮರ್ ರಿಮೋಟ್, ಕಾಸರಗೋಡಿನ ನಕ್ಷತ್ರದ ಜಾಡು

ಆಕಾಶ ತಿರುಗಿದಂತೆ ನಕ್ಷತ್ರಗಳು ಎಳೆಯುವ ಗೆರೆಯೇ ನಕ್ಷತ್ರದ ಜಾಡು; ರಾತ್ರಿ ಸಾಲಾಗಿ ನೂರಾರು ಚಿತ್ರ ತೆಗೆದು, ಆಮೇಲೆ ಒಂದಾಗಿ ಜೋಡಿಸಿದರೆ ಅದು ಕಾಣುತ್ತದೆ. ಇದನ್ನು ಹಿಡಿಯಲು ಕ್ಯಾಮೆರಾ, ಟ್ರೈಪಾಡ್ ಬಿಟ್ಟರೆ ಇನ್ನೊಂದೇ ಒಂದು ವಸ್ತು ಬೇಕು: ಕೈ ತಾಗಿಸದೆ ಶಟರ್ ಒತ್ತಿ ಹಿಡಿಯುವ ಸಾಧನ. ಆನ್‌ಲೈನ್ ಅಂಗಡಿಗಳಲ್ಲಿ ಹತ್ತಾರು ಸ್ಟಿಕ್ಕರ್ ಅಂಟಿಸಿಕೊಂಡು, ಒಳಗೆ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿ ಸಿಗುವ ವೈರಿನ ಟೈಮರ್ ರಿಮೋಟ್ ಈ ವಿಮರ್ಶೆಯ ವಸ್ತು. ಬೆಲೆ ಸಾವಿರದಿಂದ ಎರಡು ಸಾವಿರದೊಳಗೆ. ಮಂಜೇಶ್ವರ, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಗುಡ್ಡೆ-ಪದವುಗಳಲ್ಲಿ ರಾತ್ರಿ ಕ್ಯಾಮೆರಾ ನಿಲ್ಲಿಸುವವರಿಗೆ ಇಷ್ಟು ಸಾಕೇ? ಸಾಕು. ಹಣ ಕೊಡುವಾಗ ಎಲ್ಲರ ಕಣ್ಣೂ ಅದರ ಟೈಮರಿನ ಮೇಲೆ ಇರುತ್ತದೆ. ಜಾಡಿನ ಚಿತ್ರಕ್ಕೆ ರಾತ್ರಿಯಿಡೀ ದುಡಿಯುವುದು ಅದರ ಲಾಕ್ ಆಗುವ ಗುಂಡಿ.

ಡಬ್ಬಿಯಲ್ಲಿ ಬರುವುದು ಅಂಗೈ ಉದ್ದದ ಪ್ಲಾಸ್ಟಿಕ್ ರಿಮೋಟ್, ಒಂದು ಮೀಟರ್ ಆಸುಪಾಸಿನ ವೈರ್, ಹೆಸರಿಗೊಂದು ಮಡಚಿದ ಕಾಗದ. ಸೆಲ್ ನಾವೇ ಹಾಕಬೇಕು, ಎಎಎ ಎರಡು. ಮೇಲ್ಗಡೆ ಪುಟ್ಟ ಸ್ಕ್ರೀನ್, ಅದರ ಕೆಳಗೆ ನಾಲ್ಕು ದಿಕ್ಕಿನ ಒತ್ತುಗುಂಡಿ, ನಡುವೆ ಸೆಟ್, ಪಕ್ಕದಲ್ಲಿ ದೀಪದ ಗುಂಡಿ ಮತ್ತು ಸ್ಟಾರ್ಟ್-ಸ್ಟಾಪ್. ದೊಡ್ಡ ಗುಂಡಿಯೇ ಶಟರ್. ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಕ್ಲಿಕ್. ಒತ್ತಿ ಹಿಡಿದೇ ಮುಂದಕ್ಕೆ ತಳ್ಳಿದರೆ ಟಕ್ಕೆಂದು ಕೂತು ಲಾಕ್ ಆಗುತ್ತದೆ. ರಿಮೋಟ್ ಕೈಗೆ ಬಂದ ಕೂಡಲೇ ಇಪ್ಪತ್ತು ಸಲ ಇದನ್ನೇ ಮಾಡಿ ನೋಡಬೇಕು. ಲಾಕ್ ಆದ ಗುಂಡಿಯನ್ನು ಬೆರಳಿನಿಂದ ಮೆಲ್ಲ ಅಲುಗಿಸಿದಾಗ ಅದು ಹಿಂದೆ ಜಾರಿದರೆ, ಅಥವಾ ಕ್ಯಾಮೆರಾ ಕಂಟಿನ್ಯುವಸ್ ಡ್ರೈವಿನಲ್ಲಿ (ಗುಂಡಿ ಒತ್ತಿ ಹಿಡಿದಷ್ಟೂ ಸಾಲಾಗಿ ಚಿತ್ರ ತೆಗೆಯುವ ಸೆಟ್ಟಿಂಗ್) ಇದ್ದು, ಲಾಕ್ ಆಗಿದ್ದೂ ಎರಡನೆಯ ಚಿತ್ರ ತೆಗೆಯದಿದ್ದರೆ, ಒಳಗಿನ ತಗಡಿನ ಎಲೆ ಸರಿಯಾಗಿ ತಾಗುತ್ತಿಲ್ಲ ಎಂದೇ ಅರ್ಥ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಬದಲಾಯಿಸಿಕೊಳ್ಳಿ. ರಿಪೇರಿಗೆ ಕೊಡುವಷ್ಟು ಬೆಲೆಯ ವಸ್ತು ಇದಲ್ಲ.

ಕೊಳ್ಳುವ ಮೊದಲು ನೋಡಬೇಕಾದದ್ದು ಪಿನ್. ರಿಮೋಟ್ ಒಂದೇ, ವೈರಿನ ತುದಿ ಬೇರೆ ಬೇರೆ. ಕ್ಯಾನನ್‌ನ 1500ಡಿ ಬಗೆಯ ಸಣ್ಣ ಕ್ಯಾಮೆರಾ ಬಾಡಿಗಳಿಗೆ 2.5 ಮಿಲಿಮೀಟರ್‌ನ ದುಂಡಗಿನ ಇ3 ಪಿನ್, 5ಡಿ, 6ಡಿ, 7ಡಿ ಸಾಲಿಗೆ ಮೂರು ತೂತಿನ ಎನ್3. ನಿಕಾನ್‌ನ ಡಿ5300, ಡಿ5600, ಡಿ7000 ಸಾಲು, ಡಿ750, ಝಡ್6 ಇವಕ್ಕೆ ಡಿಸಿ2. ಡಿ500, ಡಿ850ಕ್ಕೆ ಹತ್ತು ಪಿನ್ನಿನದು. ಸೋನಿಯ ಹಲವು ಬಾಡಿಗಳಿಗೆ ಮಲ್ಟಿ ಟರ್ಮಿನಲ್. ನಿಕಾನ್ ಡಿ3400 ಮತ್ತು ಡಿ3500 ಇಟ್ಟುಕೊಂಡವರು ಇಲ್ಲೇ ನಿಲ್ಲಿ. ಆ ಎರಡು ಬಾಡಿಗಳಲ್ಲೂ ವೈರ್ ಚುಚ್ಚುವ ತೂತೇ ಇಲ್ಲ, ಯಾವ ಪಿನ್ ತರಿಸಿದರೂ ಪ್ರಯೋಜನವಾಗದು. ಜಾಹೀರಾತಿನಲ್ಲಿ ‘ಎಲ್ಲಾ ನಿಕಾನ್‌ಗೆ’ ಎಂದು ಬರೆದಿರುವುದನ್ನು ನಂಬಬೇಡಿ. ನಿಮ್ಮ ಮಾಡೆಲ್ ನಂಬರ್ ಪಟ್ಟಿಯಲ್ಲಿ ಇದ್ದರೆ ಮಾತ್ರ ತರಿಸಿ.

ಪಿನ್ ಚುಚ್ಚುವಾಗ ಕೊನೆಯ ಒಂದು ಮಿಲಿಮೀಟರ್‌ನಲ್ಲಿ ಎಲ್ಲ ಎಡವಟ್ಟು. ಇ3 ಪಿನ್ನಿನಲ್ಲಿ ಮೂರು ಬಳೆಗಳಿವೆ: ಒಂದು ಅರ್ತ್, ಒಂದು ಫೋಕಸ್, ಒಂದು ಶಟರ್. ಪಿನ್ ಪೂರ್ತಿ ಒಳಗೆ ಹೋಗದಿದ್ದರೆ ಬಳೆಗಳು ಒಂದರ ಜಾಗಕ್ಕೆ ಇನ್ನೊಂದು ಕೂತು, ಗುಂಡಿ ಒತ್ತಿದರೆ ಫೋಕಸ್ ಮಾತ್ರ ಓಡುತ್ತದೆ, ಕ್ಲಿಕ್ ಆಗುವುದಿಲ್ಲ. ತೂತಿನ ಮೇಲಿನ ರಬ್ಬರ್ ಮುಚ್ಚಳವೇ ಅಡ್ಡ ಬಂದು ಪಿನ್ನನ್ನು ಹೊರಗೆ ತಳ್ಳುವುದೂ ಉಂಟು. ಮುಚ್ಚಳವನ್ನು ಪೂರ್ತಿ ಹಿಂದಕ್ಕೆ ಮಡಚಿ, ಟಿಕ್ ಎಂದು ಕೇಳುವವರೆಗೆ ಒತ್ತಿ.

ಇನ್ನು ಟೈಮರ್. ಸ್ಕ್ರೀನಿನಲ್ಲಿ ನಾಲ್ಕು ಲೆಕ್ಕಗಳು ಬರುತ್ತವೆ. ‘ಡಿಲೇ’ ಎಂದರೆ ಸ್ಟಾರ್ಟ್ ಒತ್ತಿದ ಮೇಲೆ ಕಾಯುವ ಹೊತ್ತು, ‘ಲಾಂಗ್’ ಎಂದರೆ ಒಂದು ಚಿತ್ರಕ್ಕೆ ಶಟರ್ ತೆರೆದಿರುವ ಹೊತ್ತು, ‘ಎನ್’ ಚಿತ್ರಗಳ ಸಂಖ್ಯೆ. ತೊಡಕಿರುವುದು ‘ಇಂಟರ್‌ವಲ್’ನಲ್ಲಿ. ಕೆಲವು ರಿಮೋಟ್‌ಗಳು ಇದನ್ನು ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವು ಎಂದು ತಿಳಿಯುತ್ತವೆ. ಕೆಲವು ಒಂದು ಚಿತ್ರದ ಆರಂಭದಿಂದ ಮುಂದಿನದರ ಆರಂಭದವರೆಗೆ ಎಣಿಸುತ್ತವೆ. ಹೊರಗಿನಿಂದ ಎರಡೂ ಒಂದೇ ತರ ಕಾಣುತ್ತವೆ, ಕಾಗದದಲ್ಲೂ ಬರೆದಿರುವುದಿಲ್ಲ. ಮನೆಯಲ್ಲೇ ಪರೀಕ್ಷಿಸಿ: ಕ್ಯಾಮೆರಾ ಬಲ್ಬ್ ಮೋಡಿನಲ್ಲಿ (ಗುಂಡಿ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದಿರುವ ಮೋಡ್), ಲೆನ್ಸಿಗೆ ಮುಚ್ಚಳ, ಲಾಂಗ್ 10 ಸೆಕೆಂಡ್, ಇಂಟರ್‌ವಲ್ 12, ಎನ್ 3. ಫೋನಿನ ಸ್ಟಾಪ್‌ವಾಚ್ ಹಿಡಿದು ಕೂತರೆ ಎರಡನೆಯ ಚಿತ್ರ 12ನೇ ಸೆಕೆಂಡಿಗೆ ಶುರುವಾಯಿತೋ 22ನೇ ಸೆಕೆಂಡಿಗೋ ಗೊತ್ತಾಗುತ್ತದೆ. 22 ಆದರೆ ನಿಮ್ಮದು ಬಿಡುವು ಎಣಿಸುವ ಜಾತಿ. ಗುಡ್ಡೆಯ ಮೇಲೆ ಲಾಂಗ್ 30, ಇಂಟರ್‌ವಲ್ 1 ಇಟ್ಟರೆ ಮುಗಿಯಿತು. 12 ಆದರೆ ಲಾಂಗ್ 30ಕ್ಕೆ ಇಂಟರ್‌ವಲ್ 31 ಬೇಕು. ಈ ಎರಡನ್ನು ಅದಲುಬದಲು ಮಾಡಿಕೊಂಡರೆ ಅರ್ಧ ಆಕಾಶ ಕೈತಪ್ಪುತ್ತದೆ: ಬಿಡುವು ಎಣಿಸುವ ರಿಮೋಟಿಗೆ 31 ಕೊಟ್ಟರೆ 30 ಸೆಕೆಂಡ್ ಚಿತ್ರ, 31 ಸೆಕೆಂಡ್ ಸುಮ್ಮನೆ. ಜಾಡಿನ ಬದಲು ಹೊಲಿಗೆ ಹಾಕಿದಂತೆ ತುಂಡು ಗೆರೆಗಳು ಬರುತ್ತವೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತಪ್ಪು ಕ್ಯಾಮೆರಾದ ಕಡೆಯಿಂದ ಬರುತ್ತದೆ. ಕ್ಯಾಮೆರಾದಲ್ಲಿ ‘30 ಸೆಕೆಂಡ್’ ಎಂದು ಇಟ್ಟರೆ ಹೆಚ್ಚಿನ ಬಾಡಿಗಳಲ್ಲಿ ಶಟರ್ ತೆರೆದಿರುವುದು 32 ಸೆಕೆಂಡ್. 1, 2, 4, 8, 16, 32 ಎಂದು ಇಮ್ಮಡಿಯಾಗುತ್ತ ಹೋಗುವ ಲೆಕ್ಕದಲ್ಲಿ 15 ಮತ್ತು 30 ಎಂಬುವು ಓದಲು ಸುಲಭವಾಗಲೆಂದು ಬರೆದ ಅಂಕಿಗಳು ಅಷ್ಟೆ. ಕ್ಯಾಮೆರಾವನ್ನು ಎಂ (ಮ್ಯಾನುವಲ್) ಮೋಡಿನಲ್ಲಿ 30ಕ್ಕೆ ಇಟ್ಟು, ಆರಂಭದಿಂದ ಆರಂಭಕ್ಕೆ ಎಣಿಸುವ ರಿಮೋಟಿಗೆ 31 ಕೊಟ್ಟರೆ ಏನಾಗುತ್ತದೆ ನೋಡಿ. 31ನೇ ಸೆಕೆಂಡಿಗೆ ರಿಮೋಟ್ ಕ್ಲಿಕ್ ಅನ್ನುವಾಗ ಶಟರ್ ಇನ್ನೂ ತೆರೆದೇ ಇರುತ್ತದೆ, ಆ ಕ್ಲಿಕ್ ವ್ಯರ್ಥ. ಮುಂದಿನ ಕ್ಲಿಕ್ 62ಕ್ಕೆ. ಪ್ರತಿ ಎರಡನೇ ಚಿತ್ರ ತಪ್ಪುತ್ತದೆ. ಕ್ಯಾಮೆರಾದ ಒಳಗಿನ ಇಂಟರ್‌ವಲ್ ಟೈಮರ್ ಬಳಸುವವರಿಗೂ ಇದೇ ಗತಿ, ಅಲ್ಲಿ 33 ಅಥವಾ 34 ಇಡಬೇಕು. ಬಲ್ಬ್ ಮೋಡಿನಲ್ಲಿ ಹೊತ್ತನ್ನು ನಿಭಾಯಿಸುವುದು ರಿಮೋಟ್ ಆದ್ದರಿಂದ 30 ಎಂದರೆ 30.

ಈ ಎಲ್ಲ ತಲೆಬಿಸಿಗೆ ಲಾಕ್ ಗುಂಡಿ ಉತ್ತರ. ಕ್ಯಾಮೆರಾ ಎಂ ಮೋಡಿನಲ್ಲಿ, ಶಟರ್ 30, ಡ್ರೈವ್ ಕಂಟಿನ್ಯುವಸ್. ಗುಂಡಿ ಒತ್ತಿ ಮುಂದಕ್ಕೆ ತಳ್ಳಿ ಬಿಟ್ಟುಬಿಡಿ. ಒಂದು ಚಿತ್ರ ಮುಗಿದ ಕೂಡಲೇ ಕ್ಯಾಮೆರಾ ತಾನಾಗಿ ಮುಂದಿನದನ್ನು ಶುರುಮಾಡುತ್ತದೆ, ನಡುವೆ ಕಳೆಯುವುದು ಸೆಕೆಂಡಿನ ಒಂದು ಭಾಗ ಮಾತ್ರ. ಟೈಮರಿನ ಒಂದು ಸೆಕೆಂಡ್ ಬಿಡುವಿಗಿಂತಲೂ ಇದು ಕಡಿಮೆ. ಟೈಮರ್ ಬೇಡ, ಸೆಲ್ ಕೂಡ ಬೇಡ: ಈ ಗುಂಡಿ ಬರಿಯ ಸ್ವಿಚ್, ರಿಮೋಟಿನ ಸ್ಕ್ರೀನ್ ಸತ್ತಿದ್ದರೂ ಕೆಲಸ ಮಾಡುತ್ತದೆ. ಒಂದು ಎಚ್ಚರ: ನಿಕಾನ್‌ನ ಹಲವು ಹಳೆಯ ಮಾಡೆಲ್‌ಗಳಲ್ಲಿ ಒಂದು ಒತ್ತಿಗೆ ನೂರು ಚಿತ್ರಗಳ ಮಿತಿ ಇದೆ. ಸುಮಾರು 54 ನಿಮಿಷಕ್ಕೆ ಕ್ಯಾಮೆರಾ ಮೌನವಾಗುತ್ತದೆ. 50ನೇ ನಿಮಿಷಕ್ಕೆ ಫೋನಿನಲ್ಲಿ ಅಲಾರಂ ಇಟ್ಟು, ಒಂದು ಚಿತ್ರ ಮುಗಿಯುವ ಹೊತ್ತಿಗೆ ಸರಿಯಾಗಿ ಲಾಕ್ ಬಿಟ್ಟು ಮತ್ತೆ ತಳ್ಳಿದರೆ ಜಾಡು ತುಂಡಾಗದು.

ಬಿಡುವು ಎಷ್ಟಾದರೆ ಕಣ್ಣಿಗೆ ಬೀಳುತ್ತದೆ? ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ ಸೆಕೆಂಡಿಗೆ 15 ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್ ಸೆಕೆಂಡ್). 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಅಳತೆಯ ಸೆನ್ಸರ್ ಮುಂದೆ 18 ಎಂಎಂ ಲೆನ್ಸ್ ಇದ್ದರೆ ಒಂದು ಪಿಕ್ಸೆಲ್ ಸುಮಾರು 45 ಆರ್ಕ್ ಸೆಕೆಂಡ್ ಆಕಾಶವನ್ನು ನೋಡುತ್ತದೆ. ಹಾಗಾಗಿ ಮೂರು ಸೆಕೆಂಡ್ ಬಿಡುವಿಗೆ ಒಂದು ಪಿಕ್ಸೆಲ್ ಖಾಲಿ. ಒಂದು ಸೆಕೆಂಡ್ ಬಿಡುವನ್ನು ಯಾರೂ ಗುರುತಿಸಲಾರರು. ಐದು ಸೆಕೆಂಡ್ ಆದರೆ ದೊಡ್ಡದು ಮಾಡಿ ನೋಡಿದಾಗ ಮಣಿಸರದ ಹಾಗೆ ಕಾಣುತ್ತದೆ. ಅದೇ ಕ್ಯಾಮೆರಾಕ್ಕೆ 50 ಎಂಎಂ ಹಾಕಿದರೆ ಪಿಕ್ಸೆಲ್‌ಗೆ 16 ಆರ್ಕ್ ಸೆಕೆಂಡ್ ಮಾತ್ರ. ಆಗ ಒಂದು ಸೆಕೆಂಡ್ ಬಿಡುವೂ ಒಂದು ಪಿಕ್ಸೆಲ್. ಉದ್ದ ಲೆನ್ಸ್ ಇದ್ದಷ್ಟೂ ಲಾಕ್ ಗುಂಡಿಯೇ ಸರಿ. ಧ್ರುವದ ಹತ್ತಿರದ ನಕ್ಷತ್ರಗಳು ನಿಧಾನ, ಅಲ್ಲಿ ಇಷ್ಟು ಬಿಗಿ ಲೆಕ್ಕ ಬೇಡ.

ಹಾಗಾದರೆ ಟೈಮರಿಗೆ ಕೆಲಸವೇ ಇಲ್ಲವೇ? ಇದೆ. ಡಿಲೇ ಬಹಳ ಉಪಯೋಗದ್ದು: ಶುಕ್ಲ ಪಕ್ಷದ ಚೌತಿ-ಪಂಚಮಿಯ ಚಂದ್ರ ಹತ್ತು ಗಂಟೆಯ ಆಸುಪಾಸಿನಲ್ಲಿ ಮುಳುಗುವ ತನಕ ಅದರ ಬೆಳಕಿನಲ್ಲಿ ಮುನ್ನೆಲೆಯ ನಾಲ್ಕು ಚಿತ್ರ ತೆಗೆದು, ಆಮೇಲೆ ಕತ್ತಲಾದಾಗ ಜಾಡು ತಾನಾಗಿ ಶುರುವಾಗುವಂತೆ ಮಾಡಬಹುದು. ಮತ್ತೆ 60 ಅಥವಾ 120 ಸೆಕೆಂಡಿನ ಚಿತ್ರ ಬೇಕೆನ್ನುವವರಿಗೆ ಹೆಚ್ಚಿನ ಬಾಡಿಗಳಲ್ಲಿ ಬಲ್ಬ್ ಮತ್ತು ಲಾಂಗ್ ಬಿಟ್ಟರೆ ದಾರಿಯಿಲ್ಲ. ನಮ್ಮ ಕರಾವಳಿಗೆ ಅಷ್ಟುದ್ದದ ಚಿತ್ರ ಹೇಳಿದ್ದಲ್ಲ ಎಂದೇ ನಮ್ಮ ಅಭಿಪ್ರಾಯ. ಜನವರಿಯಲ್ಲೂ ಇಲ್ಲಿನ ರಾತ್ರಿ ಬೆಚ್ಚಗೇ ಇರುತ್ತದೆ. ಸೆನ್ಸರ್ ಬಿಸಿಯಾದಂತೆ ಅದರೊಳಗಿನ ಸುಳ್ಳು ಚುಕ್ಕೆಗಳು ಹೆಚ್ಚುತ್ತವೆ. ಆರೇಳು ಡಿಗ್ರಿ ಏರಿದರೆ ಸರಿಸುಮಾರು ಇಮ್ಮಡಿ. ಹಿಮ ಬೀಳುವ ಊರಿನವರು ನಾಲ್ಕು ನಿಮಿಷದ ಚಿತ್ರ ತೆಗೆಯಿರಿ ಎಂದರೆ ಅವರಿಗದು ನಡೆಯುತ್ತದೆ. ಇಲ್ಲಿ ಕೆಂಪು-ನೀಲಿ ಚುಕ್ಕೆಗಳು ಚೆಲ್ಲಿದಂತಾಗುತ್ತವೆ. ಮೇಲಾಗಿ ಘಟ್ಟದ ತಿರುವಿನಲ್ಲಿ ಬಂದ ಒಂದು ಜೀಪಿನ ಹೆಡ್‌ಲೈಟ್ 30 ಸೆಕೆಂಡಿನ ಒಂದು ಚಿತ್ರ ಕೆಡಿಸಿದರೆ ಅದನ್ನು ಬಿಸಾಡಬಹುದು, ನಾಲ್ಕು ನಿಮಿಷದ್ದು ಕೆಟ್ಟರೆ ನಷ್ಟ ದೊಡ್ಡದು.

ಕ್ಯಾಮೆರಾದ ಸೆಟ್ಟಿಂಗ್ ಹೀಗೆ: ಐಎಸ್‌ಒ 800, ಲೆನ್ಸ್ ಎಫ್ 2.8 ಅಥವಾ 3.5, ವೈಟ್ ಬ್ಯಾಲೆನ್ಸ್ ಆಟೋ ಬಿಟ್ಟು 4000 ಕೆಲ್ವಿನ್ ಹತ್ತಿರ. ಲೆನ್ಸಿನ ಸ್ಟೆಬಿಲೈಸರ್ ಆಫ್. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಖಂಡಿತಾ ಆಫ್; ಅದು ಆನ್ ಇದ್ದರೆ ಪ್ರತಿ ಚಿತ್ರದ ಮೇಲೆ ಕ್ಯಾಮೆರಾ ಅಷ್ಟೇ ಹೊತ್ತು ಶಟರ್ ಮುಚ್ಚಿ ಇನ್ನೊಂದು ಕಪ್ಪು ಚಿತ್ರ ತೆಗೆಯುತ್ತದೆ, ರಿಮೋಟಿನ ತಪ್ಪೆಂದು ಜನ ಬೈಯುವ ತುಂಡು ಗೆರೆಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ. ಫೋಕಸ್ ಮ್ಯಾನುವಲ್. ಆಟೋದಲ್ಲಿ ಬಿಟ್ಟರೆ ರಿಮೋಟಿನ ಅರ್ಧ ಒತ್ತು ಪ್ರತಿ ಸಲವೂ ಕತ್ತಲಲ್ಲಿ ಫೋಕಸ್ ಹುಡುಕಲು ಹೋಗಿ ಕ್ಯಾಮೆರಾ ಕ್ಲಿಕ್ ಮಾಡಲು ಒಪ್ಪುವುದೇ ಇಲ್ಲ. ಲೈವ್ ವ್ಯೂನಲ್ಲಿ ಲುಬ್ಧಕದಂಥ ಹೊಳೆಯುವ ನಕ್ಷತ್ರವನ್ನು ಹತ್ತುಪಟ್ಟು ದೊಡ್ಡದು ಮಾಡಿ, ಚುಕ್ಕೆ ಅತಿ ಸಣ್ಣದಾಗುವಲ್ಲಿ ನಿಲ್ಲಿಸಿ, ಫೋಕಸ್ ರಿಂಗಿಗೆ ಒಂದು ತುಂಡು ಟೇಪ್ ಅಂಟಿಸಿ. ಎರಡು ಗಂಟೆಗೆ ಇನ್ನೂರ ಹದಿನೈದು-ಇಪ್ಪತ್ತು ಚಿತ್ರ ಬರುತ್ತವೆ. ಜೆಪೆಗ್ ಸಾಕು, ರಾ (ಸಂಸ್ಕರಿಸದ ಮೂಲ ಫೈಲ್) ಬೇಕಾದವರು ಕಾರ್ಡಿನಲ್ಲಿ ಆರು ಜಿಬಿ ಖಾಲಿ ಇಟ್ಟುಕೊಳ್ಳಿ.

ಅಂತರ್ಜಾಲದಲ್ಲಿ ಕಾಣುವ ವೃತ್ತ ವೃತ್ತವಾದ ಜಾಡಿನ ಚಿತ್ರಗಳನ್ನು ನೋಡಿ ಇಲ್ಲೂ ಹಾಗೇ ಬರಲಿ ಎಂದರೆ ಬರುವುದಿಲ್ಲ. ಧ್ರುವ ನಕ್ಷತ್ರ ದಿಗಂತದಿಂದ ನಾವಿರುವ ಅಕ್ಷಾಂಶದಷ್ಟೇ ಮೇಲಿರುತ್ತದೆ. ಕಾಸರಗೋಡಿಗೆ ಅದು ಹನ್ನೆರಡೂವರೆ ಡಿಗ್ರಿ; ಚಾಚಿದ ಕೈಯ ಒಂದು ಮುಷ್ಟಿ, ಮೇಲೆ ಒಂದೂವರೆ ಬೆರಳು. ಬಡಗು ದಿಕ್ಕಿಗೆ ಒಂದು ಗುಡ್ಡೆ ಅಡ್ಡ ಇದ್ದರೆ, ತೋಟದ ತೆಂಗಿನ ಸಾಲು ಇದ್ದರೆ ಧ್ರುವವೇ ಕಾಣದು. ಪೂರ್ತಿ ಮುಳುಗದೆ ಸುತ್ತುವ ನಕ್ಷತ್ರಗಳ ವೃತ್ತವೂ ಅಷ್ಟೇ ಸಣ್ಣದು, ಉಳಿದದ್ದೆಲ್ಲ ಕಮಾನುಗಳು. ಹಾಗಾಗಿ ಬಡಗಿಗೆ ತೆರೆದ ಮುರಕಲ್ಲಿನ ಪದವು ಇದಕ್ಕೆ ಹೇಳಿ ಮಾಡಿಸಿದ ಜಾಗ. ಪೊಸಡಿಗುಂಪೆಯ ಸುತ್ತಲಿನಂಥ ಬೋಳು ನೆತ್ತಿಗಳಲ್ಲಿ ದಿಗಂತದ ತನಕ ಅಡ್ಡಿ ಕಡಿಮೆ. ಕ್ಯಾಮೆರಾವನ್ನು ಲಂಬವಾಗಿ ನಿಲ್ಲಿಸಿ ಧ್ರುವವನ್ನು ಕೆಳಗಿನ ಮೂರನೇ ಒಂದು ಭಾಗದಲ್ಲಿ ಇಡಿ. ಡಿಸೆಂಬರ್ ಸಂಜೆಗಳಲ್ಲಿ ಸಪ್ತರ್ಷಿಗಳು ಕೆಳಗಿರುತ್ತವೆ, ಕುಂತಿ (ಕ್ಯಾಸಿಯೋಪಿಯಾ) ನಕ್ಷತ್ರಪುಂಜದ ‘ಎಂ’ ಆಕಾರ ಹಿಡಿದು ಧ್ರುವ ಹುಡುಕಬೇಕು. ಮಾರ್ಚಿನ ಮೇಲೆ ಸಪ್ತರ್ಷಿಗಳಲ್ಲಿ ಇಬ್ಬರಾದ ಕ್ರತು-ಪುಲಹರೇ ದಾರಿ ತೋರುತ್ತಾರೆ. ಫೋನಿನ ದಿಕ್ಸೂಚಿಯೂ ನಡೆಯುತ್ತದೆ, ಇಲ್ಲಿ ಅದರ ವ್ಯತ್ಯಾಸ ಎರಡು ಡಿಗ್ರಿಗಿಂತ ಕಡಿಮೆ. ಒಂದು ಬೇಸರದ ಸಂಗತಿ: ಮಂಗಳೂರಿನ ಬೆಳಕು ಧ್ರುವದ ಎಡಬದಿಗೇ ಬರುತ್ತದೆ. ತೆಂಕಿಗೆ, ಒಳನಾಡಿಗೆ ಹೋದಷ್ಟೂ ಅದು ತಗ್ಗುತ್ತದೆ. ರಾಣಿಪುರದ ಕಡೆ ಆಕಾಶ ಚೆನ್ನ, ಆದರೆ ಅದು ಕಾಡು. ಅರಣ್ಯ ಇಲಾಖೆಯನ್ನು ಕೇಳದೆ ರಾತ್ರಿ ಹೋಗುವ ಜಾಗವಲ್ಲ.

ಪಡುವಣದ ಕಡಲ ಮೇಲೆ ನಮಗೆ ಸಿಗುವ ಜಾಡು ಬಡಗಿನ ದೇಶದವರಿಗೆ ಸಿಗುವುದಿಲ್ಲ. ಇಲ್ಲಿ ನಕ್ಷತ್ರಗಳು ಹೆಚ್ಚುಕಡಿಮೆ ನೆಟ್ಟಗೆ ನೀರಿಗಿಳಿಯುತ್ತವೆ, ಬಲಕ್ಕೆ ಹನ್ನೆರಡು-ಹದಿಮೂರು ಡಿಗ್ರಿ ವಾಲಿದಷ್ಟೆ. ಏಪ್ರಿಲ್ ಮೊದಲ ವಾರದಲ್ಲಿ ಒಂಬತ್ತರಿಂದ ಹನ್ನೊಂದರವರೆಗೆ ಮಹಾವ್ಯಾಧ (ಒರಾಯನ್ ನಕ್ಷತ್ರಪುಂಜ) ಇಳಿಯುವುದನ್ನು ಹಿಡಿದರೆ ಅವನ ನಡುಪಟ್ಟಿಯ ಮೂರು ನಕ್ಷತ್ರಗಳು ಗೆರೆ ಎಳೆದಂತೆ ನೇರ ಬರುತ್ತವೆ, ಎಡದವು ತೆಂಕಿಗೂ ಬಲದವು ಬಡಗಿಗೂ ಬಾಗುತ್ತವೆ. ಅದೇ ಪುಂಜದ ಆರ್ದ್ರೆಯ ಕೆಂಪು ಗೆರೆ ಬೇರೆಯೇ ಎದ್ದು ಕಾಣುತ್ತದೆ. ಬೇಕಲದಂಥ ಕಡೆ ಕೋಟೆಯೊಳಗೆ ರಾತ್ರಿ ಬಿಡುವುದಿಲ್ಲ, ಹೊರಗಿನ ಮರಳಿನಿಂದಲೇ ತೆಗೆಯಬೇಕು. ಮೀನಿನ ದೋಣಿಗಳ ದೀಪ ದಿಗಂತದಲ್ಲಿ ಬಿಳಿ ಪಟ್ಟಿಯಾಗುತ್ತದೆ. ಐಎಸ್‌ಒ 400ಕ್ಕೆ ಇಳಿಸಿ.

ಈಗ ರಿಮೋಟಿನ ದೊಡ್ಡ ಕೊರತೆಗೆ ಬರೋಣ: ವೈರ್. ಮೀಟರ್ ಉದ್ದದ ವೈರ್ ಜೋತುಬಿದ್ದು ಗಾಳಿಗೆ ತೂಗಿದರೆ ಪ್ರತಿ ತೂಗಿಗೂ ಕ್ಯಾಮೆರಾ ನಡುಗುತ್ತದೆ, ಜಾಡು ಹಲ್ಲುಹಲ್ಲಾಗುತ್ತದೆ. ರಿಮೋಟಿನ ಭಾರವೂ ಪಿನ್ನಿನ ಬುಡವನ್ನೇ ಎಳೆಯುತ್ತದೆ, ಅಗ್ಗದವು ಮೊದಲು ಸಾಯುವುದು ಆ ಬುಡದಲ್ಲೇ. ಒಂದು ವೆಲ್ಕ್ರೋ ಪಟ್ಟಿಯಲ್ಲಿ ರಿಮೋಟನ್ನು ಟ್ರೈಪಾಡಿನ ಕಾಲಿಗೆ ಕಟ್ಟಿ, ಪಿನ್ನಿನ ಹತ್ತಿರ ವೈರನ್ನು ಒಂದು ಸುತ್ತು ಸಡಿಲ ಬಿಡಿ. ಮುರಕಲ್ಲಿನ ತೂತುಗಳಲ್ಲಿ ಟ್ರೈಪಾಡಿನ ಕಾಲು ಗಟ್ಟಿ ಕೂರುತ್ತದೆ. ಕಾಲಿಟ್ಟ ಮೇಲೆ ಒಮ್ಮೆ ಒತ್ತಿ ನೋಡಿ, ಸಡಿಲ ಕಲ್ಲಿನ ಚೂರು ಇದ್ದರೆ ನಡುರಾತ್ರಿ ಕುಸಿಯುತ್ತದೆ.

ನಡುರಾತ್ರಿಯ ಮೇಲೆ ಬರುವ ನಿಜವಾದ ಶತ್ರು ಇಬ್ಬನಿ. ಜಾಡು ಒಂದೂವರೆ ಗಂಟೆ ಚೆನ್ನಾಗಿ ಬಂದು ಆಮೇಲೆ ಮೆಲ್ಲ ಮಸುಕಾಗಿ ಕರಗಿದರೆ ಲೆನ್ಸಿನ ಮುಂದಿನ ಗಾಜಿಗೆ ಟಾರ್ಚ್ ಹಿಡಿದು ನೋಡಿ, ಉಸಿರು ಬಿಟ್ಟ ಕನ್ನಡಿಯ ಹಾಗಿರುತ್ತದೆ. ಒರೆಸಿದರೆ ಐದೇ ನಿಮಿಷದಲ್ಲಿ ಮತ್ತೆ ಅಷ್ಟೇ, ಫೋಕಸ್ ರಿಂಗ್ ಅಲುಗಿದ್ದೊಂದು ಲಾಭ. ಬಟ್ಟೆಯ ಪಟ್ಟಿಯ ಹಾಗಿರುವ ಯುಎಸ್‌ಬಿ ಹೀಟರನ್ನು ಲೆನ್ಸಿನ ಮುಂಭಾಗಕ್ಕೆ ಸುತ್ತಿ ಶುರುವಿನಲ್ಲೇ ಆನ್ ಮಾಡುವುದೊಂದೇ ಮದ್ದು. ಐದು ವಾಟ್‌ನ ಹೀಟರಿಗೆ 10,000 ಎಂಎಎಚ್ ಪವರ್ ಬ್ಯಾಂಕ್ ಐದು ಗಂಟೆ ಹತ್ತಿರ ಬರುತ್ತದೆ. ಹೀಟರ್ ಇಲ್ಲದವರು 50 ಎಂಎಂ ಲೆನ್ಸಿಗೆ ಒಣ ಅಡಿಕೆ ಹಾಳೆಯನ್ನು ನೀರಿಗೆ ಹಾಕಿ ಮೆತ್ತಗೆ ಮಾಡಿ ಕೊಳವೆಯಾಗಿ ಸುತ್ತಿ ಒಣಗಿಸಿ ತೊಡಿಸಬಹುದು, ಬರಿಯ ಲೆನ್ಸಿಗಿಂತ ಹೆಚ್ಚು ಹೊತ್ತು ತಡೆಯುತ್ತದೆ. 18 ಎಂಎಂಗೆ ಇದು ಆಗದು, ಹಾಳೆಯ ಅಂಚೇ ಚಿತ್ರದೊಳಗೆ ಬರುತ್ತದೆ.

ಚಿತ್ರಗಳನ್ನು ಜೋಡಿಸಲು ದುಡ್ಡು ಕೊಡಬೇಕಿಲ್ಲ. ಸ್ಟಾರ್‌ಸ್ಟ್ಯಾಕ್ಸ್ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ‘ಲೈಟನ್’ ಇಟ್ಟರೆ ಪ್ರತಿ ಪಿಕ್ಸೆಲ್‌ನಲ್ಲೂ ಎಲ್ಲ ಚಿತ್ರಗಳಲ್ಲಿ ಹೆಚ್ಚು ಬೆಳಕಿದ್ದದ್ದೇ ಉಳಿಯುತ್ತದೆ. ರಿಮೋಟಿನ ಬಿಡುವು ಕಂಡರೆ ‘ಗ್ಯಾಪ್ ಫಿಲ್ಲಿಂಗ್’ ಸಣ್ಣ ತೂತುಗಳನ್ನು ಮುಚ್ಚುತ್ತದೆ, 30 ಸೆಕೆಂಡಿನ ಹೊಂಡವನ್ನಲ್ಲ. ಕೊನೆಯಲ್ಲಿ ಲೆನ್ಸಿಗೆ ಮುಚ್ಚಳ ಹಾಕಿ ಅದೇ ಸೆಟ್ಟಿಂಗಿನಲ್ಲಿ ಐದಾರು ಕಪ್ಪು ಚಿತ್ರ ತೆಗೆದಿದ್ದರೆ ಅವನ್ನು ಡಾರ್ಕ್ ಫ್ರೇಮ್ ಎಂದು ಸೇರಿಸಿ, ಬಿಸಿ ಚುಕ್ಕೆಗಳು ಹೋಗುತ್ತವೆ. ಮಂಗಳೂರು, ಕಣ್ಣೂರು ಎರಡೂ ವಿಮಾನ ನಿಲ್ದಾಣಗಳ ನಡುವೆ ನಾವಿರುವುದರಿಂದ ವಿಮಾನದ ಗೆರೆ ಬಂದೇ ಬರುತ್ತದೆ. ಆ ಒಂದು ಚಿತ್ರವನ್ನು ತೆರೆದು ಗೆರೆಯ ಮೇಲೆ ಮಾತ್ರ ಕಪ್ಪು ಬಳಿದು ಸೇವ್ ಮಾಡಿ. ಲೈಟನ್‌ನಲ್ಲಿ ಕಪ್ಪಿಗೆ ಬೆಲೆಯಿಲ್ಲ, ಜಾಡು ಹಾಗೇ ಉಳಿಯುತ್ತದೆ.

ಕೊಳ್ಳುವ ವಿಚಾರ: ಕ್ಯಾಮೆರಾದಲ್ಲೇ ಇಂಟರ್‌ವಲ್ ಟೈಮರ್ ಇರುವವರು, ಜಾಡು ಬಿಟ್ಟು ಬೇರೇನೂ ತೆಗೆಯದವರು, ಸ್ಕ್ರೀನ್ ಇಲ್ಲದ ಬರಿಯ ಲಾಕ್ ಸ್ವಿಚ್ ತರಿಸಿದರೆ ಸಾಕು, ಇದರ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತದೆ. ಟೈಮ್‌ಲ್ಯಾಪ್ಸ್ (ಬಿಡುವು ಬಿಟ್ಟು ತೆಗೆದ ಚಿತ್ರಗಳನ್ನು ಸೇರಿಸಿದ ವಿಡಿಯೊ) ಕೂಡ ಮಾಡುವವರಿಗೆ ಟೈಮರ್ ಇರುವುದೇ ಸರಿ. ವೈರ್‌ಲೆಸ್ ಮಾದರಿಗೆ ಹೆಚ್ಚು ಕೊಡಬೇಡಿ, ಎರಡು ಕಡೆ ಸೆಲ್ ಹಾಕುವ ತಲೆನೋವು ಅಷ್ಟೆ. ವೈರಿನ ಈ ಟೈಮರ್ ರಿಮೋಟಿಗೆ ಆಫ್ ಸ್ವಿಚ್ ಇಲ್ಲ, ಸ್ಕ್ರೀನ್ ಸದಾ ಉರಿಯುತ್ತಲೇ ಇರುತ್ತದೆ. ಬಳಸಿದ ಮರುದಿನ ಸೆಲ್ ತೆಗೆದಿಡಿ. ಮಳೆಗಾಲದಲ್ಲಿ ಹಾಗೇ ಬಿಟ್ಟರೆ ಸೆಲ್ ಒಸರಿ ತಗಡಿಗೆ ಹಸಿರು ಕಿಲುಬು ಹಿಡಿಯುತ್ತದೆ. ಹಿಡಿದಿದ್ದರೆ ಹತ್ತಿಗೆ ಒಂದೆರಡು ಹನಿ ವಿನೆಗರ್ ಹಾಕಿ ಉಜ್ಜಿ, ಒಣಗಿಸಿ, ಕ್ಯಾಮೆರಾದ ಜೊತೆ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲೇ ಇಡಿ.